ಚಿರತೆ ಆರ್ಕಿಡ್: ಹೂವಿಗಿಂತ ಬೇರೇ ಚೆಂದ

ಆರ್ಕಿಡ್ ಅಂದರೆ ಎಲ್ಲರೂ ಹೂವಿನ ಫೋಟೋನೇ ಹಾಕುತ್ತಾರೆ. ಆಫ್ರಿಕಾದ ಅನ್ಸೆಲಿಯಾ ಆಫ್ರಿಕಾನಾ ವಿಷಯದಲ್ಲೂ ಅಷ್ಟೇ. ಹಳದಿ ಎಸಳು, ಮೇಲೆ ಕಂದು ಮಚ್ಚೆ, ಅದಕ್ಕೇ ಚಿರತೆ ಆರ್ಕಿಡ್ ಅಂತ ಹೆಸರು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನನ್ನು ಕೇಳಿದರೆ ನೋಡಬೇಕಾದ್ದು ಇದರ ಬೇರು.

ಬೇರು ಎರಡು ಥರ. ಒಂದು ದಪ್ಪಗಿದ್ದು ಮರದ ತೊಗಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇನ್ನೊಂದು ತೆಳ್ಳಗೆ, ಬೆಳ್ಳಗೆ, ತುದಿ ಚೂಪು. ಅದು ಕೆಳಗೆ ಇಳಿಯುವುದೇ ಇಲ್ಲ, ನೆಟ್ಟಗೆ ಮೇಲಕ್ಕೇಳುತ್ತದೆ. ಇಂಥವು ರಾಶಿ ಸೇರಿ ಬುಡದ ಸುತ್ತ ಮುಳ್ಳುಹಂದಿಯ ಬೆನ್ನಿನ ಹಾಗೆ ನಿಂತಿರುತ್ತವೆ. ಮೇಲಿಂದ ಉದುರುವ ತರಗೆಲೆ, ಕಸಕಡ್ಡಿ ಎಲ್ಲ ಅದರಲ್ಲಿ ಸಿಕ್ಕಿಕೊಂಡು ಅಲ್ಲೇ ಕೊಳೆಯುತ್ತದೆ. ಅಷ್ಟು ಎತ್ತರಕ್ಕೆ ಗೊಬ್ಬರ ಯಾರು ಹೊತ್ತು ಹಾಕುತ್ತಾರೆ ಹೇಳಿ? ತನ್ನ ತಿಪ್ಪೆಯನ್ನು ಗಿಡ ತಾನೇ ಮಾಡಿಕೊಳ್ಳುತ್ತದೆ.

ಮರದ ಮೇಲೆ ಗಿಡ ಕಂಡರೆ ಸಾಕು, ನಮ್ಮಲ್ಲಿ ಕೆಲವರು ಬಂದಳಿಕೆ ಅಂದುಬಿಡುತ್ತಾರೆ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಇದು ಹಾಗಲ್ಲ. ಇದಕ್ಕೆ ಮರ ಬೇಕಿರುವುದು ಸುಮ್ನೆ ಕೂರುವುದಕ್ಕೆ, ನಮ್ಮ ಮಲೆನಾಡಿನ ಸೀತಾಳೆ ದಂಡೆಯ ಥರ.

ಇದರ ಊರು ದಟ್ಟ ಮಳೆಕಾಡೇ ಇರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಪಶ್ಚಿಮ ಆಫ್ರಿಕಾದಿಂದ ಕೀನ್ಯಾ, ದಕ್ಷಿಣ ಆಫ್ರಿಕಾದವರೆಗೂ ಸಿಗುವ ಇದು ಜಾಸ್ತಿ ಕಾಣುವುದು ಬಿಸಿಲಿನ ತಗ್ಗು ಪ್ರದೇಶದಲ್ಲಿ, ನದಿ ಕಣಿವೆಗಳಲ್ಲಿ, ಮೋಪಾನೆ, ಬಾವೊಬಾಬ್‌ನಂಥ ಮರಗಳ ಕವಲಿನಲ್ಲಿ. ಕಬ್ಬಿನ ಜಲ್ಲೆಯಂಥ ಕಾಂಡ ಸುಮಾರು 60 ಸೆಂ.ಮೀ. ಬೆಳೆಯುತ್ತದೆ, ಅದರೊಳಗೆ ನೀರು ಕೂಡಿಟ್ಟುಕೊಂಡು ಮಳೆಯಿಲ್ಲದ ಕಾಲ ದಾಟಿಸುತ್ತದೆ. ಹೂಗೊಂಚಲು ಬರುವುದೂ ಸಾಮಾನ್ಯವಾಗಿ ಆ ಕಾಂಡದ ತುದಿಯಿಂದಲೇ. ಮಚ್ಚೆ ಮಾತ್ರ ಒಂದೊಂದು ಗಿಡದಲ್ಲಿ ಒಂದೊಂದು ರೀತಿ: ಕೆಲವಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಕೆಲವು ಪೂರ್ತಿ ಕಂದು. ಇದನ್ನು ನೋಡಿಯೇ ಹಿಂದೆ ಬೇರೆ ಬೇರೆ ಪ್ರಭೇದ ಅಂತ ಹೆಸರಿಟ್ಟಿದ್ದರು, ಈಗ ಎಲ್ಲವನ್ನೂ ಒಂದೇ ಅಂತ ಸೇರಿಸಿದ್ದಾರೆ. ಜಾನ್ ಅನ್ಸೆಲ್ ಎಂಬಾತ 1841ರಲ್ಲಿ ಬ್ರಿಟಿಷರು ನೈಜರ್ ನದಿಗೆ ಕೈಗೊಂಡ ಯಾತ್ರೆಯಲ್ಲಿ ಫರ್ನಾಂಡೊ ಪೊ ದ್ವೀಪದಲ್ಲಿ, ಅಂದರೆ ಈಗಿನ ಬಿಯೊಕೊದಲ್ಲಿ, ಇದನ್ನು ಕಂಡ. 1844ರಲ್ಲಿ ಸಸ್ಯಶಾಸ್ತ್ರಜ್ಞ ಲಿಂಡ್ಲಿ ಗಿಡಕ್ಕೆ ಅನ್ಸೆಲ್‌ನ ಹೆಸರನ್ನೇ ಇಟ್ಟ.

ಬೇಜಾರಿನ ವಿಷಯ ಅಂದರೆ ಇದನ್ನು ಕಾಡಿನಿಂದ ಕಿತ್ತು ಮಾರುವುದು. ಔಷಧಿಗೂ ಹೋಗುತ್ತದೆ, ತೋಟಕ್ಕೂ ಹೋಗುತ್ತದೆ. ದೊಡ್ಡ ಪೊದೆಯಾಗಲು ಎಷ್ಟೋ ವರ್ಷ ಹಿಡಿದಿರುತ್ತದೆ, ಕೀಳುವುದು ಒಂದೇ ದಿನ. ಅಷ್ಟಕ್ಕೂ ಕಾಡಿನದೇ ಯಾಕೆ ಬೇಕು? ಲ್ಯಾಬಿನಲ್ಲಿ ಬೀಜದಿಂದ ಬೆಳೆಸಿದ ಸಸಿಗಳೂ ಇವೆ, ಹೂ ಬಿಡುವ ತನಕ ಕಾಯುವ ತಾಳ್ಮೆ ಇದ್ದರೆ ಆಯಿತು.