‘ಯಾವ ದೆವ್ವದ ಸಿನಿಮಾ ನೋಡಿ ಜಾಸ್ತಿ ಹೆದರಿದ್ರಿ?’

ನಾನು ದೆವ್ವದ ಸಿನಿಮಾ ಒಂದೂ ಬಿಡಲ್ಲ ಅನ್ನೋದು ಆಫೀಸಿನಲ್ಲೂ ನೆಂಟರಲ್ಲೂ ಎಲ್ಲರಿಗೂ ಗೊತ್ತು. ಅದಕ್ಕೇ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಪ್ರಶ್ನೆ. ಹೆಸರು ಹೇಳಿದರೂ ಮುಗಿಯಲ್ಲ. ‘ಅಯ್ಯ, ಅದ್ರಾಗ ಹೆದರೋದೇನೈತಿ?’ ಅನ್ನುತ್ತಾರೆ. ಹಾಗಿದ್ರೆ ಕೇಳಿದ್ದಾದರೂ ಯಾಕೆ? ತಮ್ಮ ಧೈರ್ಯ ಹೇಳಿಕೊಳ್ಳೋಕೆ ಅವರಿಗೆ ನನ್ನಿಂದ ಒಂದು ಹೆಸರು ಬೇಕು, ಅಷ್ಟೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನ್ನ ಉತ್ತರ ‘ಆಪ್ತಮಿತ್ರ’.

‘ಅದ್ರಾಗ ದೆವ್ವನ ಇಲ್ಲಲ್ರೀ!’ ಅಂತೀರಿ, ಗೊತ್ತು. ಇಲ್ಲ, ನಿಜ. 1993ರ ಮಲಯಾಳಂ ಸಿನಿಮಾ ‘ಮಣಿಚಿತ್ರತಾಳ್’ನ ಕಥೆ ಅದು. ಗಂಗಾ ಅನ್ನೋ ಸೊಸೆ ಒಂದು ಹಳೇ ಮನೆಗೆ ಬಂದು, ಯಾವತ್ತೋ ಸತ್ತ ನಾಗವಲ್ಲಿ ಅನ್ನೋ ನರ್ತಕಿ ತಾನೇ ಅಂದುಕೊಳ್ಳುತ್ತಾಳೆ. ಕಾಯಿಲೆ ಇರೋದು ಮನಸ್ಸಿಗೆ. ನನಗೆ ಭಯ ಆಗಿದ್ದೂ ಅದಕ್ಕೇ. ದೆವ್ವ ಆದ್ರೆ ಹೊರಗಿಂದ ಬರುತ್ತೆ, ಓಡಿಸಬಹುದು. ಬೆಳಿಗ್ಗೆ ಚಹಾ ಕೊಟ್ಟ ಹೆಣ್ಣುಮಗಳೇ ರಾತ್ರಿ ನಮ್ಮನ್ನು ಗುರುತು ಹಿಡಿಯದಿದ್ದರೆ ಯಾರನ್ನು ಓಡಿಸ್ತೀರಿ? 1979ರ ‘ನಾ ನಿನ್ನ ಬಿಡಲಾರೆ’ಯಲ್ಲೂ ನನ್ನ ಎದೆ ನಡುಗಿದ್ದು ಅನಂತ್‌ನಾಗ್ ಮುಖ ನೋಡಿ. ಅಷ್ಟು ಸೌಮ್ಯವಾದ ಮುಖ ಹಾಗೆ ಬದಲಾಗಬಾರದು.

ಸಿನಿಮಾ ಸುಳ್ಳು ಅಂತ ಗೊತ್ತಿದ್ದೂ ಯಾಕೆ ಹೆದರುತ್ತೀವಿ ಅಂತಲೂ ಕೇಳುತ್ತಾರೆ. ತಲೆಗೆ ಗೊತ್ತಿರುತ್ತೆ, ಮೈಗೆ ಗೊತ್ತಿರಲ್ಲ. ದಿಢೀರ್ ಸದ್ದಾದರೆ ಮೈ ಮೊದಲು ಬೆಚ್ಚುತ್ತೆ, ಎದೆ ಹೊಡಕೊಳ್ಳುತ್ತೆ, ಯೋಚನೆ ಆಮೇಲೆ ಬರುತ್ತೆ. ಇನ್ನೊಂದು, ಕಾಣದಿದ್ದದ್ದಕ್ಕೆ ನಾವು ಜಾಸ್ತಿ ಹೆದರುತ್ತೀವಿ. 1975ರ ‘ಜಾಸ್’ ತೆಗೆಯುವಾಗ ಯಂತ್ರದ ಶಾರ್ಕ್ ಸಮುದ್ರದಲ್ಲಿ ಮತ್ತೆ ಮತ್ತೆ ಕೆಟ್ಟು ನಿಲ್ಲುತ್ತಿತ್ತು. ಸ್ಪೀಲ್‌ಬರ್ಗ್ ಅದನ್ನು ಆದಷ್ಟು ಕಡಿಮೆ ತೋರಿಸಿದರು. ಬರೀ ನೀರು, ಜೊತೆಗೆ ಆ ಸಂಗೀತ. ಶಾರ್ಕನ್ನು ಜನ ತಮ್ಮ ತಲೆಯಲ್ಲೇ ಮಾಡಿಕೊಂಡರು.

ಆದ್ರೆ ಯಾವ ಸಿನಿಮಾ ಅಂತ ಕೇಳೋ ಬದಲು, ‘ಯಾರ ಜೊತೆ ಕೂತು ನೋಡಿದ್ರಿ?’ ಅಂತ ಒಬ್ಬರಾದರೂ ಕೇಳಬೇಕಿತ್ತು. ಒಬ್ಬರೂ ಕೇಳಿಲ್ಲ. ನಾನೇ ಹೇಳುತ್ತೇನೆ.

ಬಳ್ಳಾರಿಯ ಥಿಯೇಟರ್‌ನಲ್ಲಿ ‘ಆಪ್ತಮಿತ್ರ’ ನೋಡುವಾಗ ನನ್ನ ಪಕ್ಕ ಕೂತಿದ್ದು ಚಿಕ್ಕಮ್ಮ. 2004, ಮ್ಯಾಟಿನಿ. ಗಂಗಾ ಪಾತ್ರ ಮಾಡಿದ ಸೌಂದರ್ಯ ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆಕೆ ತೆರೆಗೆ ಬಂದಾಗ ಹಿಂದಿನ ಸಾಲಿನ ಹೆಂಗಸರು ಲೊಚಗುಟ್ಟಿದರು. ನಾಗವಲ್ಲಿ ತೆಲುಗಿನಲ್ಲಿ ಮಾತಾಡೋಕೆ ಶುರು ಮಾಡಿದಾಗ ಮಾತ್ರ ಎಲ್ಲರೂ ಸುಮ್ಮನಾದರು. ಬೇರೆ ಊರಿನವರು ಆ ಪರಭಾಷೆ ಕೇಳಿ ಬೆಚ್ಚಿರಬಹುದು. ನಮಗೆ ಹಾಗಲ್ಲ. ಬಳ್ಳಾರಿಯಲ್ಲಿ ತೆಲುಗು ಅಂದ್ರೆ ತರಕಾರಿ ಅಂಗಡಿಯ ಭಾಷೆ, ಪಕ್ಕದ ಮನೆಯ ಭಾಷೆ. ನಮ್ಮ ಚಿಕ್ಕಮ್ಮನ ತವರಿನ ಭಾಷೆ.

ಚಿಕ್ಕಮ್ಮ ಆದೋನಿ ಕಡೆಯವಳು. ಮದುವೆಯಾಗಿ ಸಿರುಗುಪ್ಪದ ನಮ್ಮ ಮನೆಗೆ ಬಂದ ಮೇಲೆ ಬರೀ ಕನ್ನಡ ಮಾತಾಡಿದಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆಕೆಗೆ ಎರಡನೇ ಹೆರಿಗೆ ಆಯಿತು. ಹತ್ತು ದಿನವೂ ಆಗಿರಲಿಲ್ಲ, ನಿದ್ದೆ ಬಿಟ್ಟಳು. ಮಗು ತನ್ನದಲ್ಲ ಅಂದಳು. ಕನ್ನಡ ಪೂರ್ತಿ ನಿಂತು ತೆಲುಗು ಒಂದೇ ಉಳಿಯಿತು. ‘ಗಾಳಿ ಬಡದೈತಿ, ಯಾವಾಕಿನೋ ಮೈಯಾಗ ಹೊಕ್ಕಾಳ’ ಅಂದರು ಓಣಿಯವರು. ತವರಿನ ಮಾತು ಬಾಯಿಗೆ ಬಂದಿದೆ ಅಂತ ಯಾರಿಗೂ ಹೊಳೆಯಲಿಲ್ಲ.

ಆಕೆ ಕೇಳುತ್ತಿದ್ದದ್ದು ಒಂದೇ. ‘ನೀಳ್ಳು, ನೀಳ್ಳು.’ ನೀರು. ನಮ್ಮ ಮನೆಯಲ್ಲಿ ತೆಲುಗು ಎಲ್ಲರಿಗೂ ಅರ್ಥ ಆಗುತ್ತಿತ್ತು. ಆದ್ರೆ ಬಾಣಂತಿಗೆ ಜಾಸ್ತಿ ನೀರು ಕೊಡಬಾರದು ಅನ್ನೋ ಕಟ್ಟು ಬೇರೆ. ‘ಕೇಳಾಕತ್ತಿದ್ದು ಆಕಿ ಅಲ್ಲ, ಅದು. ಕೊಡಬ್ಯಾಡ್ರಿ’ ಅಂದರು ಹಿರಿಯರು. ನಾನು ಯಾರಿಗೂ ಹೇಳದೆ ಹಂಡೆಯಿಂದ ಒಂದು ತಂಬಿಗೆ ನೀರು ತುಂಬಿಕೊಂಡು ಆ ಕೋಣೆಯ ಹೊಸ್ತಿಲ ತನಕ ಹೋದೆ. ಕತ್ತಲಲ್ಲಿ ಕೂದಲು ಹರಡಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಕೈ ಚಾಚಿದಳು. ತಂಬಿಗೆ ತಣ್ಣಗಿತ್ತು, ಹೊರಗೆಲ್ಲಾ ಬೆವರಿತ್ತು. ನಾನು ಹೊಸ್ತಿಲು ದಾಟಲಿಲ್ಲ. ನೀರು ಅಲ್ಲೇ ಚೆಲ್ಲಿ ಓಡಿಬಂದೆ.

ಮೂರನೇ ದಿನ ಚಿಕ್ಕಪ್ಪ ಯಾರ ಮಾತೂ ಕೇಳದೆ ಆಕೆಯನ್ನು ಬಳ್ಳಾರಿಗೆ ಕರಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಬಾಣಂತಿ ಸನ್ನಿ ಅಂದರು. ಹೆರಿಗೆಯಾದ ಮೊದಲ ಒಂದೆರಡು ವಾರದಲ್ಲೇ ಶುರುವಾಗೋದು ಜಾಸ್ತಿ. ತಡ ಮಾಡದೆ ತೋರಿಸಿದರೆ ಔಷಧಿಗೆ ಗುಣ ಆಗುತ್ತೆ. ಆಕೆಗೂ ಆಯಿತು. ಮಗುವನ್ನು ತಾನೇ ಸಾಕಿದಳು. ಆ ದಿನಗಳ ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆಕೆಗೆ ಏನು ನೆನಪಿದೆ ಅಂತ ಕೇಳೋ ಧೈರ್ಯ ನನಗೂ ಆಗಲಿಲ್ಲ.

ಈಗ ಥಿಯೇಟರ್‌ಗೆ ಬನ್ನಿ. ತೆರೆ ಮೇಲೆ ನಾಗವಲ್ಲಿ ಕಣ್ಣು ಕೆರಳಿಸಿ ಕುಣಿಯುತ್ತಿದ್ದಾಳೆ. ಜನ ಸೀಟಿನ ತುದಿಗೆ ಬಂದಿದ್ದಾರೆ. ನಾನು ತೆರೆ ನೋಡಲೇ ಇಲ್ಲ. ಪಕ್ಕದಲ್ಲಿದ್ದ ಚಿಕ್ಕಮ್ಮನ ಮುಖ ನೋಡುತ್ತಿದ್ದೆ. ಆ ಬೆಳಕಲ್ಲಿ ಮುಖ ಒಮ್ಮೆ ಕೆಂಪಾಗಿ, ಒಮ್ಮೆ ಕಪ್ಪಾಗಿ ಕಾಣುತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅಷ್ಟು ಭಯ ನನಗೆ ಯಾವತ್ತೂ ಆಗಿಲ್ಲ.

ಸಿನಿಮಾ ಬಿಟ್ಟಿತು. ಹೊರಗೆ ಬಳ್ಳಾರಿ ಬಿಸಿಲು ಕಣ್ಣಿಗೆ ಹೊಡೆಯಿತು. ಬಸ್‌ಸ್ಟ್ಯಾಂಡ್ ತನಕ ಇಬ್ಬರೂ ಮಾತಾಡಲಿಲ್ಲ. ಸಿರುಗುಪ್ಪದ ಬಸ್ಸು ಹತ್ತಿ ಕೂತ ಮೇಲೆ ಚಿಕ್ಕಮ್ಮ ಕಿಟಕಿ ಕಡೆ ನೋಡುತ್ತಾ ಕೇಳಿದಳು:

‘ಆ ಹುಡುಗಿ ಅಷ್ಟೊತ್ತು ಕುಣಿದ್ಲಲ್ಲವ್ವಾ, ಆಕಿಗೆ ಯಾರಾರ ನೀರು ಕೊಟ್ರೇನು?’