ಪರದೆಯ ಹಿಂದಿನ ನೀಲಿ ವೈರು

ಮನೆಗಳಿಗೆ ಇಂಟರ್‌ನೆಟ್ ಜೋಡಿಸುವ ಕೆಲಸ ನನ್ನದು. ಮೈಸೂರಿನ ಕುವೆಂಪುನಗರದ ಆ ಮನೆಯ ಮೆಶ್ ವೈಫೈ (ಹಲವು ಡಬ್ಬಿಗಳು ಒಂದರಿಂದೊಂದಕ್ಕೆ ಸಿಗ್ನಲ್ ದಾಟಿಸುವ ವೈಫೈ) ಕೆಲಸದ ಟಿಕೆಟ್ಟನ್ನು ನಾನು 50 ನಿಮಿಷಗಳಲ್ಲಿ ಮುಗಿಸಿ, ಓಟಿಪಿ ಪಡೆದು, ಆ್ಯಪ್‌ನಲ್ಲಿ ಮೂರೂ ನೋಡ್‌ಗಳು, ಅಂದರೆ ಆ ಡಬ್ಬಿಗಳು, ಹಸಿರಾಗಿ ಕಾಣುವ ಸ್ಕ್ರೀನ್‌ಶಾಟನ್ನು ಕಚೇರಿಯ ಗುಂಪಿಗೆ ಹಾಕಿ, ಮೇಲಧಿಕಾರಿಗಳಿಂದ ಹೆಬ್ಬೆರಳಿನ ಚಿತ್ರವೊಂದನ್ನೂ ಗಳಿಸಿದ್ದೆ. ಒಂಬತ್ತು ದಿನಗಳ ನಂತರ ಅದೇ ಮನೆಯ ಮೆಟ್ಟಿಲುಗಳನ್ನು ಓಡುತ್ತ ಹತ್ತಬೇಕಾಯಿತು.

30×40ರ ಸೈಟಿನಲ್ಲಿ ಕಟ್ಟಿದ ಎರಡಂತಸ್ತಿನ ಮನೆ ಅದು. ಹೊರಗಿನ ಫೈಬರ್ ಬಂದು ಸೇರುವ ಪೆಟ್ಟಿಗೆಯಾದ ಒಎನ್‌ಟಿ ಕೆಳಗಿನ ಹಾಲ್‌ನಲ್ಲಿ ಟಿವಿಯ ಪಕ್ಕ, ಇಂಟರ್‌ನೆಟ್ ಬೇಕಾಗಿದ್ದ ಮಗನ ಕೋಣೆ ಮೇಲೆ ಹಿಂಬದಿಯಲ್ಲಿ. ನಡುವೆ ಆರ್‌ಸಿಸಿ ಸ್ಲ್ಯಾಬು, ಮೆಟ್ಟಿಲಿನ ಗೋಡೆ, ಅದಕ್ಕೆ ಒರಗಿಸಿಟ್ಟ ಉಕ್ಕಿನ ಬೀರು. ಮುಖ್ಯ ನೋಡ್ ಹಾಲ್‌ನಲ್ಲಿ, ಎರಡನೆಯದು ಮೆಟ್ಟಿಲಿನ ತಲೆಯಲ್ಲಿ, ಮೂರನೆಯದು ಮಗನ ಮೇಜಿನ ಮೇಲೆ ಎಂದು ನಿರ್ಧರಿಸಿದೆ. ಡ್ಯುಯಲ್ ಬ್ಯಾಂಡ್ ಕಿಟ್‌ನಲ್ಲಿ ಲ್ಯಾಪ್‌ಟಾಪಿಗೂ ನೋಡ್‌ಗಳ ನಡುವಿನ ಸಂಪರ್ಕವಾದ ಬ್ಯಾಕ್‌ಹಾಲ್‌ಗೂ ಒಂದೇ ರೇಡಿಯೊ ದುಡಿಯಬೇಕಾದುದರಿಂದ ನೋಡ್‌ನಿಂದ ನೋಡ್‌ಗೆ ಹೋಗುವ ಪ್ರತಿ ಜಿಗಿತಕ್ಕೂ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಹೊಸ ಹುಡುಗರಿಗೆ ನಾನೇ ಹೇಳಿಕೊಡುವ ಪಾಠ. 300 ಎಂಬಿಪಿಎಸ್ ಪ್ಲಾನಿನಲ್ಲಿ ಹಾಲ್‌ನಲ್ಲಿ 280, ಮೇಲೆ 130, ಕೋಣೆಯಲ್ಲಿ 55 ಬಂದಿತು. ವಿಡಿಯೊ ಕರೆಗೆ ಇದು ಧಾರಾಳ ಎಂದು ಭರವಸೆ ಕೊಟ್ಟೆ.

ನಾನು ಡಬ್ಬಿ ಬಿಚ್ಚುತ್ತಿದ್ದಾಗಲೇ ಮನೆಯ ಹಿರಿಯರಾದ ಅಮ್ಮ ಕೇಳಿದ್ದರು: "ಮನೆ ಕಟ್ಟಿಸೋವಾಗ ನಮ್ಮ ಯಜಮಾನ್ರು ಮೇಲಿನ ರೂಮಿಗೆ ಏನೋ ನೀಲಿ ವೈರು ಎಳೆಸಿದ್ರು, ಅದು ಉಪಯೋಗಕ್ಕೆ ಬರಲ್ವೇನಪ್ಪಾ?"

"ಅದು ಹಳೇ ಟೆಲಿಫೋನ್ ವೈರ್ ಇರಬೇಕಮ್ಮಾ," ಎಂದೆ. ಕುಳಿತಲ್ಲಿಂದ ಏಳಲಿಲ್ಲ. ಮೂರು ಡಬ್ಬಿಯ ಕಿಟ್ ಮಾರಿದರೆ ನಮ್ಮಲ್ಲಿ ಇನ್ಸೆಂಟಿವ್ ಇದೆ. ಗೋಡೆಯ ಪ್ಲೇಟು ಬಿಚ್ಚಿ ನೋಡಿದ ಸಮಯಕ್ಕೆ ಯಾವ ಲೆಕ್ಕವೂ ಇಲ್ಲ. ಹಾಗೆಂದು ಆ "ಇರಬೇಕು" ಎಂಬ ಮಾತನ್ನು ಕಚೇರಿಯ ತಲೆಗೆ ಕಟ್ಟುವಂತಿಲ್ಲ, ಅದು ನನ್ನದೇ.

ಮಗನಿಗೆ ಕೆಲಸದ ಸಂದರ್ಶನವಿದ್ದ ದಿನ 10:35ಕ್ಕೆ ಎರಡು ನಿಮಿಷ ಕರೆಂಟು ಹೋಯಿತು. ಒಎನ್‌ಟಿ, ಮುಖ್ಯ ನೋಡ್ ಮತ್ತು ಕೋಣೆಯ ನೋಡ್ ಯುಪಿಎಸ್ ಲೈನಿನಲ್ಲಿದ್ದವು. ಮೆಟ್ಟಿಲಿನ ತಲೆಯ ನೋಡನ್ನು ಮಾತ್ರ ನಾನು ಇಸ್ತ್ರಿ ಪೆಟ್ಟಿಗೆಗೆಂದು ಮಾಡಿಸಿದ್ದ ಪವರ್ ಪಾಯಿಂಟಿಗೆ ಸಿಕ್ಕಿಸಿದ್ದೆ, ಅದಕ್ಕೆ ಯುಪಿಎಸ್ ಇರಲಿಲ್ಲ. ಅದು ಆರಿದೊಡನೆ ಕೋಣೆಯ ನೋಡ್ ಸ್ಲ್ಯಾಬನ್ನೂ ಬೀರುವನ್ನೂ ದಾಟಿ, ದೂರ ಹೋದರೂ ನಿಧಾನವಾದ 2.4 ಗಿಗಾಹರ್ಟ್ಜ್‌ನಲ್ಲಿ ಕೆಳಗಿನ ನೋಡನ್ನೇ ಹಿಡಿದುಕೊಂಡಿತು, ಕರೆಂಟು ಬಂದ ಮೇಲೂ ಬಿಡಲಿಲ್ಲ. ಬ್ಯಾಕ್‌ಹಾಲ್ ಮೈನಸ್ 81 ಡಿಬಿಎಂ, ಅಂದರೆ ತೀರಾ ದುರ್ಬಲ ಸಿಗ್ನಲ್. ಆ್ಯಪ್‌ನಲ್ಲಿ ಆಗಲೂ ಹಸಿರೇ.

ಫೋನ್ ಬಂದಾಗ ನಾನು ಸರಸ್ವತಿಪುರಂನಲ್ಲಿದ್ದೆ. 11:02ಕ್ಕೆ ಕೋಣೆಯೊಳಗೆ ಕಾಲಿಟ್ಟರೆ, ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಚಡ್ಡಿ ತೊಟ್ಟ ಹುಡುಗ ಕುಳಿತಿದ್ದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅವನದೇ ಮುಖ ಬಾಯಿ ತೆರೆದಂತೆಯೇ ನಿಂತುಹೋಗಿತ್ತು. ಪಿಂಗ್ (ಉತ್ತರ ಬರಲು ಹಿಡಿಯುವ ಮಿಲಿಸೆಕೆಂಡುಗಳು) ನೋಡಿದೆ: 6, 9, 380, ಟೈಮ್‌ಔಟ್. ಬಿಟ್ಟರೆ ಮಾತು ತುಂಡು ತುಂಡಾಗಿಯಾದರೂ ಹೋಗುತ್ತಿತ್ತು; ರೀಸ್ಟಾರ್ಟ್ ಮಾಡಿದರೆ ಎರಡು ಮೂರು ನಿಮಿಷ ಪೂರ್ತಿ ಕತ್ತಲೆ. ಅವನನ್ನು ಒಂದು ಮಾತೂ ಕೇಳದೆ ರೀಸ್ಟಾರ್ಟ್ ಮಾಡಿದೆ. ನೋಡಿನ ದೀಪ ಮಿಣುಕುತ್ತಲೇ ಇತ್ತು. ಅವನು ನನ್ನನ್ನು ಬೈಯಲಿಲ್ಲ, ಆ ದೀಪವನ್ನೇ ನೋಡುತ್ತಿದ್ದ. ಕೆಳಗೆ ಅಡುಗೆಮನೆಯಲ್ಲಿ ಕುಕ್ಕರ್ ಒಂದು, ಎರಡು, ಮೂರು ಕೂಗು ಕೂಗಿತು. ಕೊನೆಗೆ ಅವನು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಾಲ್ಕನಿಗೆ ಹೋದ. ಅವನು ಬಾಗಿಲು ಎಳೆದುಕೊಂಡ ಮರುಕ್ಷಣವೇ ದೀಪ ಸ್ಥಿರವಾಗಿ ಬೆಳಗಿತು.

ಸಂದರ್ಶನ ಮುಗಿಯುವವರೆಗೆ ಹೊರಡಲೂ ಆಗದೆ, ಸದ್ದು ಮಾಡಲೂ ಆಗದೆ ನಿಂತವನು ಮೇಜಿನ ಹಿಂದಿನ ಪರದೆಯನ್ನು ಸರಿಸಿದೆ. ಬಿಳಿಯ ಪ್ಲೇಟು, ಎರಡು ಸ್ಕ್ರೂ. ಬಿಚ್ಚಿದರೆ ಒಳಗೆ ಸುರುಳಿ ಸುತ್ತಿಟ್ಟ ನೀಲಿ ವೈರು, ಅದರ ಮೈಮೇಲೆ ಕ್ಯಾಟ್ 5ಇ ಎಂಬ ಮುದ್ರೆ: ಟೆಲಿಫೋನಿನದಲ್ಲ, ನೆಟ್‌ವರ್ಕ್ ಕೇಬಲ್. ಇನ್ನೊಂದು ತುದಿ ಟಿವಿಯ ಹಿಂದೆ, ನಾನು ಒಎನ್‌ಟಿಯ ಸೆಟ್ಟಿಂಗನ್ನು ಬ್ರಿಡ್ಜ್ ಮೋಡಿಗೆ ಹಾಕುತ್ತ ಕುಳಿತಿದ್ದ ಜಾಗದಿಂದ ಒಂದು ಗೇಣಿನ ಅಂತರದಲ್ಲಿತ್ತು.

ಎರಡೂ ತುದಿಗಳಿಗೆ ಪ್ಲಗ್ ಕ್ರಿಂಪ್ ಮಾಡಿ ಟೆಸ್ಟರ್ ಹಚ್ಚಿದಾಗ, ಒಳಗಿನ ಎಂಟು ತಂತಿಗಳಲ್ಲಿ ಏಳನೆಯದರ ದೀಪ ಹತ್ತಲಿಲ್ಲ. ಹಾಗೆಯೇ ಬಿಟ್ಟಿದ್ದರೂ ಲಿಂಕ್ 100 ಎಂಬಿಪಿಎಸ್‌ನಲ್ಲಿ ನಿಂತು, ಕೆಲಸ ನಡೆದು, ಯಾರಿಗೂ ತಿಳಿಯುತ್ತಿರಲಿಲ್ಲ. ಕತ್ತರಿಸಿ ಮತ್ತೆ ಹಾಕಿದೆ. ಎಂಟೂ ಹತ್ತಿದವು, ಕೋಣೆಯ ನೋಡನ್ನು ಆ ವೈರಿನಿಂದ ಮುಖ್ಯ ನೋಡಿಗೆ ಜೋಡಿಸಿದಾಗ ಲಿಂಕ್ 1000 ತೋರಿಸಿತು, ಕೋಣೆಯಲ್ಲಿ 270 ಬಂದಿತು. ಮೆಟ್ಟಿಲಿನ ತಲೆಯ ನೋಡಿಗೆ ಕೆಲಸವೇ ಉಳಿಯಲಿಲ್ಲ. ಬಿಚ್ಚಿದ ಕಿಟ್ಟಿನ ಒಂದು ಡಬ್ಬಿಯನ್ನು ಹಿಂದಕ್ಕೆ ಪಡೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದು ಕಚೇರಿ ಹೇಳಿತು.

ಈಗ ಯಾರಾದರೂ ಯಾವ ಮೆಶ್ ಕೊಳ್ಳಲಿ ಎಂದು ಕೇಳಿದರೆ ಕಂಪನಿಯ ಹೆಸರು ಹೇಳುವ ಮೊದಲು ಮನೆಯ ಗೋಡೆಯಲ್ಲಿರುವ ಪ್ಲೇಟುಗಳನ್ನೆಲ್ಲ ಬಿಚ್ಚಿಸುತ್ತೇನೆ, ಯುಪಿಎಸ್ ಯಾವ ಯಾವ ಪಾಯಿಂಟಿಗೆ ಇದೆಯೆಂದು ಮೇನ್ ಆರಿಸಿ ನೋಡುತ್ತೇನೆ. ವೈರು ಸಿಕ್ಕರೆ ಲ್ಯಾನ್ ಪೋರ್ಟ್ ಇರುವ ಎರಡು ಸಾಧಾರಣ ನೋಡ್‌ಗಳು ಸಾಕು. ಸಿಗದಿದ್ದರೆ ಮಾತ್ರ ಬ್ಯಾಕ್‌ಹಾಲ್‌ಗೆ ಬೇರೆಯೇ ರೇಡಿಯೊ ಇರುವ ಟ್ರೈಬ್ಯಾಂಡಿಗೆ ಹಣ ಹಾಕಬೇಕು, ಆಗಲೂ ನೋಡನ್ನು ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕೇ ಹೊರತು ಸಿಗ್ನಲ್ ಸತ್ತ ಮೂಲೆಯಲ್ಲಲ್ಲ. ಇದಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ, ತಿಂಗಳ ಕೊನೆಯಲ್ಲಿ ನನ್ನ ಸರಾಸರಿ ಕೆಡುತ್ತದೆ.

ಆ ದಿನ ಟಿಕೆಟ್ ಮುಚ್ಚಲು ಮತ್ತೆ ಓಟಿಪಿ ಬೇಕಾಯಿತು. ಅಮ್ಮ ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿ ಓದಿ, ಕೊನೆಯ ಅಂಕಿಯನ್ನು ಹೇಳದೆ ತಡೆದು, "ಈ ಸಲ ನಿಜವಾಗ್ಲೂ ಆಯ್ತೇನಪ್ಪಾ?" ಎಂದರು. ಕಚೇರಿಯ ದಾಖಲೆಯಲ್ಲಿ ನನ್ನ ಮೊದಲ ಭೇಟಿ ಇಂದಿಗೂ "ಯಶಸ್ವಿ" ಎಂದೇ ಇದೆ. ವೈರು ಹುಡುಕಿ ಸರಿಪಡಿಸಿದ ಎರಡನೆಯದು "ಮರುದೂರು" ಎಂದು ನನ್ನ ಹೆಸರಿನ ಮುಂದೆ ಕೆಂಪು ಬಣ್ಣದಲ್ಲಿದೆ.