14ನೇ ಶಾಟ್

ರಾತ್ರಿ ಎರಡು ಗಂಟೆ ದಾಟಿತ್ತು. 13 ಶಾಟ್ ಮುಗಿದಿದ್ದವು, ಇನ್ನೂ ಆರು ಬಾಕಿ. ಪೈಪುಗಳ ವೆಲ್ಡಿಂಗ್ ಜಾಯಿಂಟ್‌ಗಳನ್ನು ರೇಡಿಯೋಗ್ರಫಿ ಮಾಡಿ, ಅಂದರೆ ವಿಕಿರಣ ಹಾಯಿಸಿ ಒಳಗಿನ ಚಿತ್ರ ತೆಗೆದು, ಬೆಳಗಾಗುವುದರೊಳಗೆ ಫಿಲ್ಮ್ ತೊಳೆದು ಕೊಡಬೇಕಿತ್ತು. ನಾನಾಗ ಟ್ರೈನಿ. ಜಾಯಿಂಟ್‌ಗೆ ಫಿಲ್ಮ್ ಕಟ್ಟುವುದು, ಸೀಸದ ಅಕ್ಷರ ಅಂಟಿಸುವುದು, ಹಗ್ಗ ದಾಟಿ ಯಾರೂ ಒಳಗೆ ಬರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕ್ರ್ಯಾಂಕ್ ತಿರುಗಿಸುತ್ತಿದ್ದವರು ನಮ್ಮ ಸೀನಿಯರ್.

ಈ ಕೆಲಸ ನೋಡಿರದವರಿಗೆ ಸ್ವಲ್ಪ ಹೇಳಬೇಕು. ನಾವು ಕ್ಯಾಮೆರಾ ಅನ್ನುವುದು 20 ಕೆಜಿಗೂ ಜಾಸ್ತಿ ತೂಗುವ ಪೆಟ್ಟಿಗೆಗೆ. ಅದರ ಒಳಗೆ ವಿಕಿರಣ ತಡೆಯುವ ಡಿಪ್ಲೀಟೆಡ್ ಯುರೇನಿಯಂ ಕವಚ, ಕವಚದ ನಡುವೆ ವಿಕಿರಣ ಸೂಸುವ ಇರಿಡಿಯಂ-192. ಅದೇ ಸೋರ್ಸ್. ನೋಡಲು ಬೆರಳ ತುದಿಗಿಂತ ಚಿಕ್ಕ ಸ್ಟೀಲ್ ತುಂಡು, ಹಿಂದೆ ಒಂದು ಗಿಡ್ಡ ಬಾಲ. ದೂರ ನಿಂತು ಕ್ರ್ಯಾಂಕ್ ತಿರುಗಿಸಿದರೆ ಒಳಗಿನ ಕೇಬಲ್ ಅದನ್ನು ಹೊರಗೆ ತಳ್ಳುತ್ತದೆ. ಗೈಡ್ ಟ್ಯೂಬ್‌ನಲ್ಲಿ ಸಾಗಿ, ಜಾಯಿಂಟ್ ಹತ್ತಿರ ಕಟ್ಟಿರುವ ಕೊಲಿಮೇಟರ್, ಅಂದರೆ ವಿಕಿರಣವನ್ನು ಜಾಯಿಂಟ್ ಕಡೆಗಷ್ಟೇ ಬಿಡುವ ಟಂಗ್‌ಸ್ಟನ್ ತುಂಡು, ಸೇರುತ್ತದೆ. ಹೊತ್ತಾದ ಮೇಲೆ ತಿರುಗಾ ಎಳೆದುಕೊಳ್ಳಬೇಕು. ಅದು ಪೂರ್ತಿ ಒಳಗೆ ಬಂದರೆ ಲಾಕ್ 'ಟಕ್' ಅನ್ನುತ್ತದೆ.

ಆ ರಾತ್ರಿ ಆ 'ಟಕ್' ಕೇಳುವ ಹಾಗಿರಲಿಲ್ಲ. ಪಕ್ಕದಲ್ಲೇ ಕಂಪ್ರೆಸರ್ ಅಬ್ಬರಿಸುತ್ತಿತ್ತು. ವಿಕಿರಣ ಇದ್ದರೆ ಕೂಗುವ ನನ್ನ ಜೇಬಿನ ಅಲಾರಂ ಸದ್ದೂ ನನಗೇ ಕೇಳುತ್ತಿರಲಿಲ್ಲ. ಹಾಗಾಗಿ ನಾನು ಸೀನಿಯರ್ ಕೈ ನೋಡುತ್ತಿದ್ದೆ. ಅವರ ಕೈ ನಿಂತರೆ ಸೋರ್ಸ್ ಒಳಗೆ ಬಂತು ಅಂತ ಲೆಕ್ಕ. 13 ಸಲ ಹಾಗೇ ಆಗಿತ್ತು. ಅವರು ವಿಕಿರಣ ಅಳೆಯುವ ಸರ್ವೆ ಮೀಟರ್ ಎತ್ತಿಕೊಂಡು ಮುಂದೆ ಹೋಗುತ್ತಿದ್ದರು, ನಾನು ಹೊಸ ಫಿಲ್ಮ್ ಹಿಡಿದು ಹಿಂದೆ.

14ನೇ ಸಲ ಕೈ ನಿಂತಿತು. ನಾನು ಅವರಿಗಿಂತ ಮೊದಲೇ ಹೊರಟುಬಿಟ್ಟೆ.

ನಾಲ್ಕೈದು ಹೆಜ್ಜೆ ಇಟ್ಟಿರಬೇಕು. ಹಿಂದಿನಿಂದ ಕಾಲರ್ ಹಿಡಿದು ಎಳೆದರು. "ಏಯ್, ನಿಂತ್ಕೋ! ಒಳಗೆ ಬಂದಿಲ್ಲ ಅದು!" ಕಿವಿಯ ಹತ್ತಿರ ಕೂಗಿದ್ದು ಇವತ್ತಿಗೂ ನೆನಪಿದೆ. ಇಬ್ಬರೂ ಓಡಿ ಹಿಂದೆ ಬಂದೆವು. ಅವರು ಮೀಟರ್ ತೋರಿಸಿದರು. ಇಳಿಯಬೇಕಿದ್ದ ಮುಳ್ಳು ಶಾಟ್ ನಡೆಯುವಾಗ ಇದ್ದದ್ದಕ್ಕಿಂತ ಮೇಲೆ ಹೋಗಿತ್ತು. ಸೋರ್ಸ್ ಕೊಲಿಮೇಟರ್ ಬಿಟ್ಟು ಹೊರಟಿತ್ತು, ಕ್ಯಾಮೆರಾ ಸೇರಿರಲಿಲ್ಲ. ನಡುವೆ, ಬರೀ ಟ್ಯೂಬ್‌ನಲ್ಲಿ ನಿಂತಿತ್ತು.

ಸುತ್ತು ಎಣಿಸುವ ಅಭ್ಯಾಸ ಅವರಿಗಿತ್ತು. ಲೆಕ್ಕಕ್ಕಿಂತ ಮೊದಲೇ ಕ್ರ್ಯಾಂಕ್ ಬಿಗಿಯಾಯಿತು ಅಂತ ಗೊತ್ತಾಗಿ ಮೀಟರ್ ಕಡೆ ತಿರುಗಿದ್ದರು. ಅಷ್ಟರಲ್ಲಿ ನಾನು ನಡೆದಿದ್ದೆ.

ಅವತ್ತು ನಮ್ಮ ಸೋರ್ಸಿನ ಶಕ್ತಿ ಸುಮಾರು 35 ಕ್ಯೂರಿ ಇತ್ತು. ಅಡ್ಡ ಏನೂ ಇಲ್ಲದಿದ್ದರೆ ಒಂದು ಮೀಟರ್ ದೂರದಲ್ಲಿ ಮೈಗೆ ತಗಲುವ ಡೋಸ್ ಗಂಟೆಗೆ ಸುಮಾರು 170 ಮಿಲಿಸೀವರ್ಟ್. ನಮ್ಮಂಥ ಕೆಲಸಗಾರರಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಮಿತಿ. ಅಂದರೆ ಅಲ್ಲಿ ಏಳು ನಿಮಿಷ ನಿಂತರೆ ಒಂದು ವರ್ಷದ್ದು ಮುಗಿಯಿತು. ದೂರ ಎರಡರಷ್ಟಾದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ, ಹತ್ತಿರ ಹೋದರೆ ಅಷ್ಟೇ ಜೋರಾಗಿ ಏರುತ್ತದೆ. ನಾನು ಹೋಗುತ್ತಿದ್ದದ್ದು ಟ್ಯೂಬ್ ಪಕ್ಕದಲ್ಲೇ ಕೂತು ಫಿಲ್ಮ್ ಬಿಚ್ಚಲು. ಕಣ್ಣಿಗೆ ಕಾಣಿಸುವುದಿಲ್ಲ, ಬಿಸಿ ಇಲ್ಲ, ವಾಸನೆ ಇಲ್ಲ. ಆರಾಮಾಗಿ ಕೂತಿರುತ್ತಿದ್ದೆ.

ಸೀನಿಯರ್ ಮೊದಲು ಮಾಡಿದ ಕೆಲಸ, ಸೋರ್ಸ್ ಅನ್ನು ಮತ್ತೆ ಮುಂದಕ್ಕೆ ತಳ್ಳಿ ಕೊಲಿಮೇಟರ್‌ಗೆ ಸೇರಿಸಿದ್ದು. ಅಲ್ಲಿದ್ದರೆ ಟಂಗ್‌ಸ್ಟನ್ ಸ್ವಲ್ಪವಾದರೂ ತಡೆಯುತ್ತದೆ. ಮುಳ್ಳು ಇಳಿಯಿತು. ಆಮೇಲೆ ಮೀಟರ್ ಹಿಡಿದು ಹಿಂದೆ ಹಿಂದೆ ಹೋಗುತ್ತಾ ಹಗ್ಗವನ್ನು ದೂರಕ್ಕೆ ಸರಿಸಿದೆವು. ಆರ್‌ಎಸ್‌ಓಗೆ, ಅಂದರೆ ವಿಕಿರಣ ಸುರಕ್ಷತೆಯ ಅಧಿಕಾರಿಗೆ, ಫೋನ್ ಹೋಯಿತು. ಅವರು ಬರುವವರೆಗೆ ಯಾರೂ ಏನೂ ಮುಟ್ಟುವ ಹಾಗಿಲ್ಲ. ನಾನು ಒಂದು ದಾರಿ ಕಾಯಬೇಕು, ಅವರು ಇನ್ನೊಂದು.

ಕಾಯುವುದೇ ಕಷ್ಟವಾಯಿತು. ಮೂರು ಗಂಟೆ ಹೊತ್ತಿಗೆ ಒಬ್ಬ ವೆಲ್ಡರ್ ಬಂದರು, ವಯಸ್ಸಾದವರು. ಅವರ ಟೂಲ್ ಚೀಲ ಹಗ್ಗದೊಳಗೆ ಉಳಿದುಬಿಟ್ಟಿತ್ತು. "ಓಡಿ ಹೋಗಿ ಓಡಿ ಬರ್ತೀನಿ ಮರಿ, ಎರಡೇ ನಿಮಿಷ" ಅಂದರು. ಆಗಲ್ಲ ಅಂದೆ. ಸಿಟ್ಟಾದರು. ಹಗ್ಗ ಎತ್ತಲು ಕೈ ಹಾಕಿದರು, ನಾನು ಅಡ್ಡ ನಿಂತೆ.

ಅವರಿಗೆ ನಾನು ಹೇಳಿದ್ದು ಪೆರುವಿನ ಯನಾಂಗೊ ಕಥೆ. ಟ್ರೈನಿಂಗ್‌ನಲ್ಲಿ ಕೇಳಿದ್ದೆ. 1999ರ ಫೆಬ್ರವರಿಯಲ್ಲಿ ಅಲ್ಲಿನ ಜಲವಿದ್ಯುತ್ ಕೇಂದ್ರದಲ್ಲಿ ಇಂಥದ್ದೇ ಇರಿಡಿಯಂ ಸೋರ್ಸ್ ಕಳಚಿ ಬಿದ್ದಿತ್ತು. ಅದನ್ನು ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡವರೂ ವೆಲ್ಡರೇ. ಹಲವು ಗಂಟೆ ಜೇಬಿನಲ್ಲೇ ಇತ್ತು. ಅವರು ಬದುಕಿದರು, ಆದರೆ ಕಾಲು ಉಳಿಯಲಿಲ್ಲ. ಮೊರಾಕ್ಕೋದ ಮೊಹಮ್ಮದಿಯಾದಲ್ಲಿ 1984ರಲ್ಲಿ ಒಬ್ಬ ಕೂಲಿಯವರು ಹಾಗೇ ಸಿಕ್ಕಿದ್ದನ್ನು ಮನೆಗೆ ಒಯ್ದಿದ್ದರು. ಎಂಟು ಜನ ಸತ್ತರು. ಈಜಿಪ್ಟಿನ ಮೀತ್ ಹಲ್ಫಾದಲ್ಲಿ 2000ನೇ ಇಸವಿಯಲ್ಲಿ ಒಬ್ಬ ರೈತ, ಅವರ ಚಿಕ್ಕ ಮಗ. ಎಲ್ಲರೂ ಎತ್ತಿಕೊಂಡದ್ದು ಹೊಳೆಯುವ ಒಂದು ಪುಟ್ಟ ಲೋಹದ ತುಂಡು. ನೆಲದ ಮೇಲೆ ಬಿದ್ದಿದ್ದರೆ ಯಾರಾದರೂ ಎತ್ತಿಕೊಳ್ಳುತ್ತಾರೆ, ಅಲ್ವಾ? ಅವರ ತಪ್ಪೇನೂ ಇಲ್ಲ. ಅದು ಬಿದ್ದದ್ದು, ಬಿದ್ದದ್ದನ್ನು ಹಿಂದಿನವರು ಅಳೆದು ನೋಡದೇ ಇದ್ದದ್ದು, ಅಲ್ಲೇ ಎಲ್ಲ ಆಗಿಹೋಗಿತ್ತು.

ವೆಲ್ಡರ್ ಸುಮ್ಮನಾದರು. ಹೋಗಲಿಲ್ಲ. ನನ್ನ ಪಕ್ಕದಲ್ಲೇ ಒಂದು ಪೈಪ್ ಮೇಲೆ ಕೂತರು. ಆಮೇಲೆ ಇನ್ನಿಬ್ಬರು ಬಂದಾಗ ಅವರೇ ಎದ್ದು ಹೋಗಿ ತಡೆದರು.

ನನ್ನ ತಲೆಯಲ್ಲಿ ಆಗ ತಿರುಗುತ್ತಿದ್ದದ್ದು ಬೊಲಿವಿಯಾದ ಘಟನೆ. 2002ರಲ್ಲಿ ಕೊಚಬಾಂಬಾದಲ್ಲಿ ಸೋರ್ಸ್ ನಮ್ಮದರ ಹಾಗೇ ಗೈಡ್ ಟ್ಯೂಬ್‌ನಲ್ಲಿ ಸಿಕ್ಕಿಕೊಂಡಿತ್ತು. ಅದು ಒಳಗಿದೆ ಅಂತಲೇ ತಿಳಿದು, ಉಪಕರಣವನ್ನು ಪ್ರಯಾಣಿಕರ ಬಸ್ಸಿನಲ್ಲಿ ಲಾ ಪಾಜ್‌ಗೆ ಕಳಿಸಿದ್ದರು. ಬಸ್ಸಿನ ತುಂಬ ಜನ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಟ್ಯೂಬ್ ಹತ್ತಿರ ಒಂದು ಸಲ ಮೀಟರ್ ಹಿಡಿದಿದ್ದರೆ ಅದು ಹೊರಡುತ್ತಲೇ ಇರಲಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ನಾನೂ ಹಾಗೇ ತಿಳಿದಿದ್ದೆ.

ಆರ್‌ಎಸ್‌ಓ ಬಂದಾಗ ನಾಲ್ಕೂವರೆ. ಆತುರವೇ ಪಡಲಿಲ್ಲ. ದುರ್ಬೀನು ಹಿಡಿದು ದೂರದಿಂದಲೇ ನೋಡಿದರು. ಮೇಲಿನಿಂದ ಒಂದು ಕಬ್ಬಿಣದ ಕ್ಲ್ಯಾಂಪ್ ಬಿದ್ದು ಟ್ಯೂಬ್ ಜಜ್ಜಿತ್ತು. ಬಿದ್ದ ಸದ್ದು ಕಂಪ್ರೆಸರ್ ಸದ್ದಿನಲ್ಲಿ ಮುಳುಗಿತ್ತು. ಅವರು ಬೇರೊಂದು ಟ್ಯೂಬ್ ನೆಲದ ಮೇಲಿಟ್ಟು, ಯಾವ ಹೆಜ್ಜೆ, ಯಾವ ಕೈ, ಎಷ್ಟು ಸೆಕೆಂಡ್ ಅಂತ ಮೂರು ಸಲ ಅಭ್ಯಾಸ ಮಾಡಿದರು. ನಾನು ಗಡಿಯಾರ ನೋಡಿ ಹೊತ್ತು ಹೇಳುತ್ತಿದ್ದೆ. ಮೊದಲು ಉದ್ದ ಹಿಡಿಯ ಇಕ್ಕಳದಿಂದ ಕೊಲಿಮೇಟರ್ ಮೇಲೆ ಸೀಸದ ಗುಂಡಿನ ಚೀಲಗಳನ್ನು ಪೇರಿಸಿದರು. ಮೀಟರ್ ನೋಡಿದರು. ಆಮೇಲೆ ಹೋಗಿ ಜಜ್ಜಿದ ಜಾಗವನ್ನು ಸರಿ ಮಾಡಿ 40 ಸೆಕೆಂಡಿನಲ್ಲಿ ವಾಪಸ್ ಬಂದರು. ಸೀನಿಯರ್ ಕ್ರ್ಯಾಂಕ್ ತಿರುಗಿಸಿದರು. ಈ ಸಲ ಮುಳ್ಳು ಒಮ್ಮೆ ಏರಿ, ದಪ್ಪನೆ ಕೆಳಗೆ ಬಿತ್ತು.

ಮೈಗೆ ತಗಲಿದ ಡೋಸ್ ತೋರಿಸುವ ನನ್ನ ಪೆನ್ ಡೋಸಿಮೀಟರ್‌ನಲ್ಲಿ ಲೆಕ್ಕಕ್ಕೆ ಬರುವಷ್ಟು ಏನೂ ಇರಲಿಲ್ಲ. ಡೋಸ್ ಅಳೆಯಲೆಂದೇ ಎದೆಗೆ ಹಾಕಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್‌ನ ವರದಿ ತಿಂಗಳಾದ ಮೇಲೆ ಬಂತು, ಅದೂ ಹಾಗೇ ಇತ್ತು. ಆದರೂ ಆ ವರದಿ ಬರುವವರೆಗೆ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಬೆಳಕು ಹರಿಯುತ್ತಿತ್ತು. ಸೀನಿಯರ್ ಮೀಟರ್ ತಂದು ನನ್ನ ಕೈಗೆ ಕೊಟ್ಟರು. "ನೀನು ಮುಂದೆ ನಡಿ." ನಡೆದೆ. ಕ್ಯಾಮೆರಾದ ಸುತ್ತ, ಮುಂದೆ, ಟ್ಯೂಬ್ ಉದ್ದಕ್ಕೂ, ತುದಿಯವರೆಗೆ ಹಿಡಿದು ನೋಡಿದೆ. ವೆಲ್ಡರ್ ಹಗ್ಗದ ಆಚೆಯೇ ನಿಂತು ಕಾಯುತ್ತಿದ್ದರು. ಅವರ ಚೀಲದ ಪಕ್ಕ ಮೀಟರ್ ಇಟ್ಟೆ, ಮುಳ್ಳು ತೋರಿಸಿದೆ. ಬಗ್ಗಿ ನೋಡಿದರು. "ಇನ್ನೊಂದು ಸಲ ನೋಡು ಮರಿ" ಅಂದರು. ಇನ್ನೊಂದು ಸಲ ನೋಡಿ, ಚೀಲ ಎತ್ತಿ ಕೊಟ್ಟೆ.